ಐದು ಗ್ರಾಂ ಒತ್ತಡದ ಚರಿತ್ರೆ

ಕ್ರೇನಿಯೋಸೇಕ್ರಲ್ ಥೆರಪಿಗೆ ಹೋದವರು ಬಟ್ಟೆ ಬಿಚ್ಚಬೇಕಿಲ್ಲ, ಎಣ್ಣೆ ಹಚ್ಚಿಸಿಕೊಳ್ಳಬೇಕಿಲ್ಲ. ಅಂಗಾತ ಮಲಗಿದರೆ ಸಾಕು. ಚಿಕಿತ್ಸಕರು ತಲೆಯ ಬಳಿ ಸ್ಟೂಲ್ ಹಾಕಿಕೊಂಡು ಕೂತು, ಎರಡೂ ಅಂಗೈಗಳನ್ನು ತಲೆಯ ಹಿಂಬದಿಗೆ ಕೊಟ್ಟು ಸುಮ್ಮನಿದ್ದುಬಿಡುತ್ತಾರೆ. ಆಮೇಲೆ ಒಂದು ಕೈ ಬೆನ್ನುಮೂಳೆಯ ತಳದಲ್ಲಿರುವ ತ್ರಿಕೋನಾಕಾರದ ಮೂಳೆಯ ಕೆಳಗೆ ಹೋಗುತ್ತದೆ. ಉಜ್ಜುವುದಿಲ್ಲ, ತಿರುಚುವುದಿಲ್ಲ, ಲಟಿಕೆ ತೆಗೆಯುವುದಿಲ್ಲ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ತನಕ ಇಷ್ಟೇ. ಕೈ ಊರುವ ಒತ್ತಡ ಐದು ಗ್ರಾಂ ಮೀರಬಾರದು ಎಂದು ಕಲಿಸುತ್ತಾರೆ. ನಮ್ಮ ಎರಡು ರೂಪಾಯಿ ನಾಣ್ಯವನ್ನು ಹಣೆಯ ಮೇಲಿಟ್ಟರೆ ಆಗುವಷ್ಟು ಭಾರ. ಇಷ್ಟು ಹಗುರ ಸ್ಪರ್ಶದ ಹಿಂದಿರುವ ನಂಬಿಕೆ ಮಾತ್ರ ಹಗುರವಾದದ್ದಲ್ಲ: ತಲೆಬುರುಡೆಯ ಮೂಳೆಗಳು ಬದುಕಿನುದ್ದಕ್ಕೂ ಅಲ್ಪಸ್ವಲ್ಪ ಅಲುಗಾಡುತ್ತಿರುತ್ತವೆ, ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ದ್ರವ ತನ್ನದೇ ಲಯದಲ್ಲಿ ಏರಿಳಿಯುತ್ತದೆ, ಪಳಗಿದ ಕೈಗೆ ಆ ಲಯ ತಿಳಿಯುತ್ತದೆ, ಅದು ಎಡವಿದ ಕಡೆ ಸರಿಪಡಿಸಿದರೆ ತಲೆನೋವಿನಿಂದ ಹಿಡಿದು ಮನಸ್ಸಿನ ಹಳೆಯ ಗಾಯದವರೆಗೆ ಎಲ್ಲಕ್ಕೂ ಉಪಶಮನ ಸಿಗುತ್ತದೆ. ಈ ಚಿಕಿತ್ಸೆಯ ಚರಿತ್ರೆಯನ್ನು ಒಬ್ಬ ದ್ರಷ್ಟಾರನ ಶೋಧ ಎಂದು ಬರೆಯುವವರಿದ್ದಾರೆ, ಒಂದು ಕಪಟ ವಿಜ್ಞಾನದ ಕಥೆ ಎಂದು ತಳ್ಳಿಹಾಕುವವರೂ ಇದ್ದಾರೆ. ನನಗೆ ಕಾಣುವುದು ಬೇರೆ. ನೂರೈವತ್ತು ವರ್ಷಗಳಲ್ಲಿ ಕೈಯ ಭಾರ ಇಳಿಯುತ್ತ ಬಂದಂತೆ ಅದರ ಮೇಲೆ ಹೇರಿದ ಭರವಸೆಯ ಭಾರ ಏರುತ್ತ ಬಂದಿದೆ. ಈ ಎರಡಕ್ಕೂ ಸಂಬಂಧವಿದೆ. ಅದರ ಕಾರಣವನ್ನು ಮೂಳೆಯಲ್ಲಿ ಹುಡುಕುವುದಕ್ಕಿಂತ, ರೋಗಿಯ ಮೈ ಮುಟ್ಟುವ ಕಸುಬು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬಲ್ಲಿ ಹುಡುಕಬೇಕು.

ಶುರುವಾದದ್ದು ಭಾರದ ಕೈಯಿಂದಲೇ. ಆಂಡ್ರೂ ಟೇಲರ್ ಸ್ಟಿಲ್ 1828ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವನು, ಮೆಥಡಿಸ್ಟ್ ಪಾದ್ರಿಯ ಮಗ. ಅಮೆರಿಕದ ಪಶ್ಚಿಮದ ಗಡಿಸೀಮೆಯಲ್ಲಿ ಬೆಳೆದು, ಆ ಕಾಲದ ಅನೇಕರಂತೆ ಕಾಲೇಜಿನ ಮೆಟ್ಟಿಲು ಹೆಚ್ಚು ಹತ್ತದೆ ವೈದ್ಯನಾದ. ಅಂತರ್ಯುದ್ಧದಲ್ಲಿ ಉತ್ತರದವರ ಕಡೆ ಇದ್ದ. 1864ರಲ್ಲಿ ಅವನ ಮೂವರು ಮಕ್ಕಳು ಮಿದುಳುಪೊರೆಯ ಉರಿಯೂತದಿಂದ ಸತ್ತರು. ಅವತ್ತಿನ ವೈದ್ಯರ ಚೀಲದಲ್ಲಿ ಇದ್ದದ್ದೇನು? ಪಾದರಸದ ಕ್ಯಾಲೊಮೆಲ್, ಅಫೀಮು, ವಿಸ್ಕಿ, ಭೇದಿ ಮಾಡಿಸುವ ಔಷಧಗಳು, ರಕ್ತ ತೆಗೆಯುವ ಕತ್ತಿ. ಇವುಗಳಿಂದ ಉಳಿದವರಿಗಿಂತ ಕೆಟ್ಟವರೇ ಹೆಚ್ಚು ಎಂಬ ಅನುಮಾನ ಸ್ಟಿಲ್‌ನೊಬ್ಬನಿಗೇ ಬಂದದ್ದಲ್ಲ. ಅವನು ಆ ಅನುಮಾನದ ಕೊನೆಯವರೆಗೂ ನಡೆದುಹೋದ, ಅಷ್ಟೇ. ಯಂತ್ರಗಳ ಹುಚ್ಚಿದ್ದ ಮನುಷ್ಯ, ಬೆಣ್ಣೆ ಕಡೆಯುವ ಯಂತ್ರವನ್ನು ಸುಧಾರಿಸಿದ್ದವನು, ದೇಹವನ್ನೂ ಯಂತ್ರವೆಂದೇ ಕಂಡ. ಮೂಳೆ ಜಾಗ ತಪ್ಪಿದರೆ ರಕ್ತದ ಹಾದಿ ಒತ್ತಿಹೋಗುತ್ತದೆ, ರಕ್ತ ಸಾಗದ ಕಡೆ ರೋಗ ಕೂರುತ್ತದೆ, ಮೂಳೆ ಸರಿದರೆ ರೋಗ ಸರಿಯುತ್ತದೆ. 1874ರ ಜೂನ್ 22ರಂದು ಈ ತತ್ತ್ವ ತನಗೆ ಹೊಳೆಯಿತೆಂದು ಅವನು ದಿನಾಂಕ ಸಮೇತ ಹೇಳಿಕೊಂಡ; ಅದಕ್ಕೆ ಆಸ್ಟಿಯೋಪತಿ ಎಂಬ ಹೆಸರು ಬಂತು. ಊರೂರು ತಿರುಗಿ ತನ್ನನ್ನು ಮಿಂಚಿನ ವೇಗದ ಮೂಳೆ ವೈದ್ಯ ಎಂದು ಸಾರಿಕೊಳ್ಳುತ್ತಿದ್ದ. ನಮ್ಮ ಕಡೆ ಉಳುಕು ತೆಗೆಯುವ, ಮೂಳೆ ಕೂರಿಸುವ ನಾಟಿ ವೈದ್ಯರನ್ನು ಬಲ್ಲವರಿಗೆ ಆ ಕೈಯ ಬಲ ಎಂಥದ್ದೆಂದು ವಿವರಿಸಬೇಕಿಲ್ಲ.

1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಸ್ಟಿಲ್ ಶಾಲೆ ತೆರೆದ. ಮೊದಲ ತಂಡದಲ್ಲೇ ಹೆಂಗಸರೂ ಇದ್ದರು, ಆ ಕಾಲದ ವೈದ್ಯಶಾಲೆಗಳಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ರೋಗಿಗಳು ರೈಲು ಹತ್ತಿ ಬರತೊಡಗಿದರು, ಊರು ಬೆಳೆಯಿತು. ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು: ಸ್ಟಿಲ್‌ನ ವಿವರಣೆ ತಪ್ಪು. ಮೂಳೆ ಸರಿದದ್ದರಿಂದ ಮಿದುಳುಪೊರೆಯ ಉರಿಯೂತ ಬರುವುದಿಲ್ಲ, ರೋಗಾಣುವಿನಿಂದ ಬರುತ್ತದೆ. ಆದರೂ ಕರ್ಕ್ಸ್‌ವಿಲ್‌ಗೆ ಹೋದವರು ಪಾದರಸ ನುಂಗದೆ ಹಿಂದಿರುಗುತ್ತಿದ್ದರು, ಅನೇಕರ ಬೆನ್ನು ಕುತ್ತಿಗೆ ಹಗುರಾಗಿರುತ್ತಿತ್ತು. ತಪ್ಪು ವಿವರಣೆ, ಅದರ ಆಸರೆಯಲ್ಲಿ ಒಂದಷ್ಟು ಉಪಯುಕ್ತ ಕೆಲಸ. ಇದೇ ಜೋಡಿ ಮುಂದಿನ ತಲೆಮಾರುಗಳಲ್ಲೂ ವೇಷ ಬದಲಿಸಿಕೊಂಡು ಬರುತ್ತದೆ.

ವಿಲಿಯಂ ಗಾರ್ನರ್ ಸದರ್ಲ್ಯಾಂಡ್ 1898ರಲ್ಲಿ ಈ ಶಾಲೆ ಸೇರಿದಾಗ ಅವನಿಗೆ ಇಪ್ಪತ್ತೈದು ವರ್ಷ. ಅದಕ್ಕೆ ಮೊದಲು ಪತ್ರಿಕೆಗಳಲ್ಲಿ ಅಚ್ಚಿನ ಕೆಲಸದಿಂದ ಹಿಡಿದು ಸಂಪಾದಕೀಯದ ತನಕ ಎಲ್ಲವನ್ನೂ ಮಾಡಿದ್ದವನು. ಶಾಲೆಯ ಮೊಗಸಾಲೆಯಲ್ಲಿ ಬಿಡಿಬಿಡಿಯಾಗಿ ಕಳಚಿ, ತಂತಿಗೆ ಸಿಕ್ಕಿಸಿ ಹರಡಿಟ್ಟ ಒಂದು ತಲೆಬುರುಡೆ ಪ್ರದರ್ಶನಕ್ಕಿತ್ತು. ಫ್ರೆಂಚ್ ಅಂಗರಚನಾಶಾಸ್ತ್ರಜ್ಞ ಬೋಶೆನ್‌ನ ಹೆಸರಿನಲ್ಲಿ ಕರೆಯುವ ಇಂಥ ಬುರುಡೆಯಲ್ಲಿ ಒಂದೊಂದು ಮೂಳೆಯ ಅಂಚೂ ಬೇರೆಯಾಗಿ ಕಾಣುತ್ತದೆ. ಕಪಾಲದ ಪಕ್ಕದ ಮೂಳೆಗಳ ಅಂಚು ನೇರವಾಗಿ ಕತ್ತರಿಸಿದಂತಿಲ್ಲ, ಓರೆಯಾಗಿ ಹೆರೆದಂತಿದೆ, ಒಂದರ ಮೇಲೊಂದು ಜಾರುವ ಹಾಗೆ. ಸದರ್ಲ್ಯಾಂಡ್‌ಗೆ ಅದನ್ನು ಕಂಡೊಡನೆ ಮೀನಿನ ಕಿವಿರು ನೆನಪಾಯಿತು. ಕಿವಿರು ಇರುವುದು ಉಸಿರಾಟಕ್ಕೆ. ಹಾಗಾದರೆ ಬುರುಡೆಯ ಈ ಓರೆ ಅಂಚೂ ಯಾವುದೋ ಉಸಿರಾಟಕ್ಕಾಗಿಯೇ ಇರಬೇಕು. ಯಂತ್ರದ ಬಿಡಿಭಾಗದ ಆಕಾರ ನೋಡಿ ಅದರ ಕೆಲಸ ಊಹಿಸುವ ಈ ರೀತಿ ಸ್ಟಿಲ್‌ನ ಶಾಲೆಯ ನೇರ ಬಳುವಳಿ. ಆಕಾರ ಒಂದು ಸುಳಿವು ಕೊಡಬಹುದು, ಪುರಾವೆ ಕೊಡಲಾರದು. ಓರೆ ಅಂಚಿನ ಬೆಸುಗೆ ಜಾರುವುದಕ್ಕೂ ಆಗಬಹುದು, ಪೆಟ್ಟು ಬಿದ್ದಾಗ ಜಾರದಂತೆ ಹೆಚ್ಚು ಮೈ ತಾಗಿಸಿ ಬಿಗಿದುಕೊಳ್ಳುವುದಕ್ಕೂ ಆಗಬಹುದು. ಬಡಗಿಗಳು ಎರಡು ಹಲಗೆಗಳನ್ನು ಓರೆಯಾಗಿ ಹೆರೆದು ಕೂಡಿಸುವುದು ಎರಡನೆಯ ಉದ್ದೇಶಕ್ಕೇ.

ಸದರ್ಲ್ಯಾಂಡ್‌ನ ದೊಡ್ಡಗುಣ ಎಂದರೆ ಆ ಊಹೆಯನ್ನು ಅವನೇ ಅನುಮಾನಿಸಿದ್ದು. ಬುರುಡೆ ಅಲುಗದು ಎಂದು ತನಗೆ ತಾನೇ ಸಾಬೀತು ಮಾಡಿಕೊಳ್ಳಲು ಹೊರಟ. ಪದವಿ ಮುಗಿಸಿ, ಮಿನ್ನೆಸೋಟದಲ್ಲಿ ವೈದ್ಯವೃತ್ತಿ ಮಾಡಿಕೊಂಡು, ವರ್ಷಗಟ್ಟಲೆ ತನ್ನ ತಲೆಯ ಮೇಲೇ ಪ್ರಯೋಗ ನಡೆಸಿದ. ಚರ್ಮದ ಪಟ್ಟಿ, ಮರದ ಬೆಣ್ಣೆ ಬಟ್ಟಲು, ಆಟಗಾರರ ಹೆಲ್ಮೆಟ್ ಇವನ್ನೆಲ್ಲ ಸೇರಿಸಿ ಬಿಗಿಯುವ ಸಲಕರಣೆಗಳನ್ನು ಮಾಡಿಕೊಂಡು, ಬುರುಡೆಯ ಒಂದೊಂದು ಭಾಗವನ್ನೂ ಒತ್ತಿ ಹಿಡಿದು ಏನಾಗುತ್ತದೆಂದು ನೋಡಿದ. ಪತ್ನಿ ಏಡಾ 1962ರಲ್ಲಿ ಪ್ರಕಟಿಸಿದ ಅವನ ಜೀವನಚರಿತ್ರೆಯಲ್ಲಿ ಈ ಪ್ರಯೋಗಗಳ ವಿವರವಿದೆ. ತಲೆ ಬಿಗಿದುಕೊಂಡ ದಿನಗಳಲ್ಲಿ ಗಂಡನ ಸ್ವಭಾವವೇ ಬದಲಾಗುವುದನ್ನು ಆಕೆ ಗಮನಿಸಿದಳು. ಹೊರಗಿನಿಂದ ಒಬ್ಬರು ಗಮನಿಸುತ್ತಿದ್ದರು ಎಂಬುದು ಒಳ್ಳೆಯದೇ. ಆದರೆ ಪ್ರಯೋಗಪಾತ್ರ, ಪ್ರಯೋಗಕರ್ತ, ತೀರ್ಪುಗಾರ ಮೂವರೂ ಒಂದೇ ಮನೆಯವರಾಗಿದ್ದರು, ಅಳತೆಗೋಲು ಇರಲಿಲ್ಲ. ಬಿಗಿದ ತಲೆಯವನಿಗೆ ತಲೆನೋವು ಬಂದರೆ, ಸಿಡುಕು ಹೆಚ್ಚಿದರೆ, ಅದಕ್ಕೆ ಬುರುಡೆಯ ಮೂಳೆ ಸರಿದಿರಲೇಬೇಕೆಂದಿಲ್ಲ.

1930ರ ದಶಕದ ಆರಂಭದಲ್ಲಿ ಅವನು ತನ್ನ ವಿಚಾರಗಳನ್ನು ವೃತ್ತಿಯವರ ಪತ್ರಿಕೆಯಲ್ಲಿ ‘ಬ್ಲಂಟ್ ಬೋನ್ ಬಿಲ್’ ಎಂಬ ಕಾವ್ಯನಾಮದಲ್ಲಿ ಬರೆದ. ಹಳೆಯ ಪತ್ರಕರ್ತನಿಗೆ ಗೇಲಿಯ ಮುಸುಕು ಹಾಕಿಕೊಳ್ಳುವುದು ಗೊತ್ತಿತ್ತು. 1939ರಲ್ಲಿ ‘ದಿ ಕ್ರೇನಿಯಲ್ ಬೌಲ್’ ಎಂಬ ಪುಟ್ಟ ಪುಸ್ತಕ ತಂದ. ಸಹವೃತ್ತಿಯವರು ಅದನ್ನು ಹೆಚ್ಚುಕಡಿಮೆ ಕಡೆಗಣಿಸಿದರು; ಸುತ್ತ ಸೇರಿದ್ದು ಕೆಲವೇ ಶಿಷ್ಯರು. ಅಷ್ಟರಲ್ಲಿ ಊಹೆ ಐದು ಅಂಗಗಳ ಒಂದು ಪೂರ್ಣ ವ್ಯವಸ್ಥೆಯಾಗಿತ್ತು: ಮಿದುಳು ಬೆನ್ನುಹುರಿಗಳ ಸ್ವಂತ ಚಲನೆ, ದ್ರವದ ಏರಿಳಿತ, ಒಳಪೊರೆಗಳ ಎಳೆತ, ಕಪಾಲದ ಮೂಳೆಗಳ ಅಲುಗಾಟ, ಇವಕ್ಕೆ ತಾಳ ಹಾಕುವಂತೆ ಬೆನ್ನಿನ ತಳದ ಮೂಳೆಯ ತೂಗಾಟ. ಇದಕ್ಕೆ ಮೂಲ ಉಸಿರಾಟ ಎಂಬ ಅರ್ಥದ ಹೆಸರಿಟ್ಟ. ವಯಸ್ಸಾದಂತೆ ಅವನ ಮಾತು ಯಂತ್ರದಿಂದ ಬೈಬಲ್ಲಿನ ಕಡೆಗೆ ಹೊರಳಿತು. ದೇವರು ಮಣ್ಣಿನ ಮನುಷ್ಯನ ಮೂಗಿಗೆ ಊದಿದ ಜೀವಶ್ವಾಸವೇ ಈ ದ್ರವವನ್ನು ನಡೆಸುತ್ತದೆ ಎನ್ನತೊಡಗಿದ. ಕೈಯ ಭಾರವೂ ಇಳಿಯಿತು. ಸ್ಟಿಲ್ ಮೂಳೆಯನ್ನು ತಳ್ಳಿ ಕೂರಿಸಿದರೆ, ಸದರ್ಲ್ಯಾಂಡ್ ಕೊನೆಕೊನೆಗೆ ಒಳಗಿನ ಶಕ್ತಿ ತಾನೇ ಸರಿಪಡಿಸಿಕೊಳ್ಳಲಿ ಎಂದು ಕೈ ಇಟ್ಟು ಕಾಯುವುದನ್ನು ಕಲಿಸಿದ. ಒತ್ತಡ ಇಳಿಯಿತು, ಹೇಳಿಕೆ ದೇವರ ತನಕ ಏರಿತು. 1954ರಲ್ಲಿ ಅವನು ತೀರಿಕೊಂಡಾಗ ಈ ವಿದ್ಯೆ ಪದವಿ ಪಡೆದ ವೈದ್ಯರ ಒಂದು ಸಣ್ಣ ಬಳಗದ ಒಳಗೇ ಇತ್ತು. 1951ರಲ್ಲಿ ಶಿಷ್ಯ ಹೆರಾಲ್ಡ್ ಮಗೂನ್ ಬರೆದ ಪಠ್ಯಪುಸ್ತಕವೂ ಆ ಬಳಗಕ್ಕಾಗಿಯೇ.

ಈ ನಡುವೆ ಆಸ್ಟಿಯೋಪತಿಗೇ ಬೇರೊಂದು ಗತಿ ಒದಗಿತ್ತು. 1910ರ ಫ್ಲೆಕ್ಸ್‌ನರ್ ವರದಿ ಅಮೆರಿಕದ ವೈದ್ಯಶಾಲೆಗಳನ್ನೆಲ್ಲ ಜಾಲಾಡಿ, ಆಸ್ಟಿಯೋಪತಿಯ ಶಾಲೆಗಳನ್ನೂ ಕಟುವಾಗಿ ಟೀಕಿಸಿತು. ಉಳಿಯಬೇಕಾದರೆ ಪ್ರಯೋಗಾಲಯ, ಆಸ್ಪತ್ರೆ, ಔಷಧಶಾಸ್ತ್ರ ಎಲ್ಲವೂ ಬೇಕಾಯಿತು. ಸ್ಟಿಲ್ ಬಹಿಷ್ಕರಿಸಿದ್ದ ಔಷಧ ಅವನ ಶಾಲೆಗೇ ಹಿಂದಿರುಗಿತು. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಸ್ಟಿಯೋಪತಿಯವರು 65 ಡಾಲರ್ ಕಟ್ಟಿ ಎಂ.ಡಿ. ಪದವಿ ಪಡೆಯುವ ಒಪ್ಪಂದವಾಗಿ, ಎರಡು ಸಾವಿರಕ್ಕೂ ಹೆಚ್ಚು ಮಂದಿ ಹಾಗೆ ಮಾಡಿದರು. 1966ರಲ್ಲಿ ಸೇನೆ ಅವರನ್ನು ವೈದ್ಯಾಧಿಕಾರಿಗಳಾಗಿ ಒಪ್ಪಿತು. 1973ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಅವರಿಗೆ ಪೂರ್ಣ ವೈದ್ಯಕೀಯ ಪರವಾನಗಿ ಸಿಕ್ಕಿತು. ಗೆದ್ದರು. ಗೆಲುವಿನ ಬೆಲೆ 2001ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಕಾಣುತ್ತದೆ: ಉತ್ತರಿಸಿದ ಆಸ್ಟಿಯೋಪತಿ ವೈದ್ಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೈಚಿಕಿತ್ಸೆಯನ್ನು ತಮ್ಮ ನೂರು ರೋಗಿಗಳಲ್ಲಿ ಐದಕ್ಕಿಂತ ಕಡಿಮೆ ಜನರಿಗೆ ಬಳಸುತ್ತಿದ್ದರು. ಇದರಲ್ಲಿ ಆಶ್ಚರ್ಯವೇನಿಲ್ಲ. ಚೀಟಿ ಬರೆಯುವುದಕ್ಕೆ ಎರಡು ನಿಮಿಷ ಸಾಕು, ಕೈಯಿಟ್ಟು ಕೂರುವುದಕ್ಕೆ ಮುಕ್ಕಾಲು ಗಂಟೆ ಬೇಕು. ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆ ಬಂದ ಮೇಲೆ ಮುಟ್ಟಿ ನೋಡುವ ಅಗತ್ಯವೇ ಕಡಿಮೆಯಾಯಿತು. ವೈದ್ಯಶಾಸ್ತ್ರ ಹೆಚ್ಚು ಹೆಚ್ಚು ಜೀವ ಉಳಿಸತೊಡಗಿದ ಶತಮಾನದಲ್ಲೇ ರೋಗಿಯ ಮೈಮೇಲಿಂದ ವೈದ್ಯರ ಕೈ ಎದ್ದುಹೋಯಿತು. ಆ ಜಾಗ ಖಾಲಿ ಉಳಿಯಲಿಲ್ಲ.

ಜಾನ್ ಅಪ್‌ಲೆಜರ್ ಕರ್ಕ್ಸ್‌ವಿಲ್ ಶಾಲೆಯಲ್ಲೇ ಓದಿ 1963ರಲ್ಲಿ ಪದವಿ ಪಡೆದವನು. 1970ರ ದಶಕದ ಆರಂಭದಲ್ಲಿ ಕುತ್ತಿಗೆಯ ಒಂದು ಶಸ್ತ್ರಚಿಕಿತ್ಸೆಗೆ ನೆರವಾಗುತ್ತಿದ್ದ. ಬೆನ್ನುಹುರಿಯ ಹೊರಪೊರೆಯ ಮೇಲೆ ಕಟ್ಟಿದ್ದ ಸುಣ್ಣದಂಥ ಹೆಕ್ಕಳೆಯನ್ನು ಶಸ್ತ್ರವೈದ್ಯರು ಕೆರೆದು ತೆಗೆಯಬೇಕು. ಪೊರೆಯನ್ನು ಅಲುಗಾಡದಂತೆ ಹಿಡಿಯುವುದು ಅಪ್‌ಲೆಜರ್‌ನ ಕೆಲಸ. ಪೊರೆ ನಿಲ್ಲಲೊಲ್ಲದು. ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಚಲಿಸುತ್ತಲೇ ಇದೆ, ನಾಡಿಯ ಲಯವೂ ಅಲ್ಲ, ಉಸಿರಿನ ಲಯವೂ ಅಲ್ಲ ಎಂದು ಅವನಿಗೆ ತೋರಿತು. ಆಮೇಲೆ ಸದರ್ಲ್ಯಾಂಡ್‌ನ ಪರಂಪರೆಯಲ್ಲಿ ತರಬೇತಿ ಪಡೆದ. 1975ರಿಂದ 1983ರವರೆಗೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ. ಅಲ್ಲಿ ಅವನ ಸಹೋದ್ಯೋಗಿಗಳು ಬುರುಡೆಯ ಬೆಸುಗೆಗಳಲ್ಲಿ ನಾರು, ರಕ್ತನಾಳ, ನರದೆಳೆ ಇರುವುದನ್ನು ತೋರಿಸಿದರು. ಬೆಸುಗೆ ಜೀವಂತ ಅಂಗಾಂಶ ಎಂಬುದಕ್ಕೆ ಇದು ಸಾಕ್ಷಿ. ಐದು ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ ಎಂಬುದಕ್ಕೆ ಅಲ್ಲ. 1983ರಲ್ಲಿ ಜಾನ್ ವ್ರೆಡೆವೂಗ್ಡ್ ಜೊತೆ ಬರೆದ ‘ಕ್ರೇನಿಯೋಸೇಕ್ರಲ್ ಥೆರಪಿ’ ಪುಸ್ತಕ ಬಂತು, 1985ರಲ್ಲಿ ಫ್ಲೋರಿಡಾದಲ್ಲಿ ಅವನದೇ ಸಂಸ್ಥೆ ನಿಂತಿತು.

ಅಪ್‌ಲೆಜರ್‌ನ ನಿಜವಾದ ಹೊಸತನ ಸಿದ್ಧಾಂತದಲ್ಲಿ ಇರಲಿಲ್ಲ, ಯಾರಿಗೆ ಕಲಿಸಿದ ಎಂಬುದರಲ್ಲಿತ್ತು. ವೈದ್ಯರಲ್ಲದವರಿಗೂ ಅವನು ಬಾಗಿಲು ತೆರೆದ: ಮಸಾಜ್ ಮಾಡುವವರು, ದಾದಿಯರು, ಫಿಸಿಯೋಥೆರಪಿಯವರು, ಹಲ್ಲಿನ ವೈದ್ಯರು, ಮಕ್ಕಳಿಗಾಗಿ ಕಲಿಯಬಯಸುವ ತಂದೆತಾಯಂದಿರು. ಹಳೆಯ ಬಳಗದವರು ಇದನ್ನು ಬಲವಾಗಿ ವಿರೋಧಿಸಿದರು, ಅಂಗರಚನೆ ಆಳವಾಗಿ ಓದದವರ ಕೈಗೆ ತಲೆ ಕೊಡಬಾರದು ಎಂದು. ಹತ್ತು ಹೆಜ್ಜೆಗಳ ಕ್ರಮ, ನಾಲ್ಕು ದಿನಗಳ ಮೊದಲ ಕಾರ್ಯಾಗಾರ, ಮುಂದಿನ ಮಟ್ಟಗಳು, ಪ್ರಮಾಣಪತ್ರ. ಇಂಥ ಕಲಿಕೆಗೆ ಎಲ್ಲರೂ ಒಪ್ಪುವ ಒಂದು ಸುರಕ್ಷತೆಯ ಗೆರೆ ಬೇಕು. ಐದು ಗ್ರಾಂ ಆ ಗೆರೆ. ಗಟ್ಟಿಯಾಗಿ ಒತ್ತಿದರೆ ದೇಹ ಎದುರು ಬೀಳುತ್ತದೆ, ಹಗುರವಾಗಿ ಮುಟ್ಟಿದರೆ ತೆರೆದುಕೊಳ್ಳುತ್ತದೆ ಎಂಬುದು ಅವರು ಕೊಡುವ ಕಾರಣ, ಅದನ್ನು ಅವರು ಪ್ರಾಮಾಣಿಕವಾಗಿಯೇ ನಂಬಿರಬಹುದು. ಆದರೆ ನಾಲ್ಕು ದಿನ ಕಲಿತವನು ಅಪರಿಚಿತರ ತಲೆ ಹಿಡಿಯುವ ವ್ಯವಸ್ಥೆಯಲ್ಲಿ ಇದಕ್ಕಿಂತ ಭಾರದ ಕೈ ಉಳಿಯಲು ಸಾಧ್ಯವೇ ಇರಲಿಲ್ಲ. ಇದಕ್ಕೆ ಆಕ್ಷೇಪ ಬರಬಹುದು: ಹಗುರ ಸ್ಪರ್ಶ ಸದರ್ಲ್ಯಾಂಡ್‌ನ ಕಾಲದಲ್ಲೇ ಬಂದಿತ್ತಲ್ಲ, ಅವನು ಪರವಾನಗಿ ಇದ್ದ ವೈದ್ಯ, ಅನುಭವವೇ ಅವನ ಕೈಯನ್ನು ಹಗುರ ಮಾಡಿತು. ಇದರಲ್ಲಿ ಅರ್ಧ ನಿಜವಿದೆ. ಆದರೆ ಅವನ ಪರಂಪರೆಯ ವೈದ್ಯರು ಇವತ್ತಿಗೂ ಬಾಯೊಳಗೆ ಬೆರಳಿಟ್ಟು ಅಂಗುಳ ಒತ್ತುವುದು, ತಲೆಯ ಹಿಂಬದಿಯನ್ನು ಎರಡು ಕಡೆಯಿಂದ ಅದುಮುವುದು ಇತ್ಯಾದಿ ಮಾಡುತ್ತಾರೆ. ಸಂದರ್ಭ ನೋಡಿ ಒತ್ತಡ ಏರಿಸಿ ಇಳಿಸುವುದು ವೈದ್ಯನ ವಿವೇಚನೆ. ಹಗುರತನ ಒಂದು ಅಂಕಿಯಾಗಿ, ಕಸುಬಿನ ಗುರುತಾಗಿ ನಿಂತದ್ದು ಕಲಿಯುವವರು ವೈದ್ಯರಲ್ಲದವರಾದ ಮೇಲೆ.

ಭರವಸೆಯ ಏರಿಕೆಯನ್ನೂ ಇದೇ ರೀತಿ ಅರ್ಥಮಾಡಿಕೊಳ್ಳಬಹುದು. ವೈದ್ಯನಿಗೆ ತನ್ನ ಕೈ ಸೋತರೆ ಬೇರೆ ಉಪಾಯಗಳಿವೆ: ಔಷಧ, ಶಸ್ತ್ರಚಿಕಿತ್ಸೆ, ಇನ್ನೊಬ್ಬ ತಜ್ಞ. ಕೈ ಬಿಟ್ಟರೆ ಬೇರೇನೂ ಇಲ್ಲದವನಿಗೆ ಎಲ್ಲ ರೋಗವೂ ಕೈಯ ವ್ಯಾಪ್ತಿಗೇ ಬರಬೇಕು. ಮೈಗ್ರೇನ್, ಬೆನ್ನುನೋವು, ಆಟಿಸಂ, ಕಲಿಕೆಯ ತೊಂದರೆ, ಯುದ್ಧ ಕಂಡ ಸೈನಿಕರ ಮಾನಸಿಕ ಆಘಾತ ಎಲ್ಲವೂ ಪಟ್ಟಿಗೆ ಸೇರಿದವು. ಹಳೆಯ ನೋವು ಅಂಗಾಂಶಗಳಲ್ಲಿ ಗಂಟಾಗಿ ಕೂತಿರುತ್ತದೆ, ಸ್ಪರ್ಶದಿಂದ ಆ ಗಂಟು ಬಿಚ್ಚುತ್ತದೆ ಎಂಬ ತತ್ತ್ವ ಸೇರಿತು. ಪ್ರತಿಯೊಬ್ಬನ ಒಳಗೂ ಒಬ್ಬ ವೈದ್ಯನಿದ್ದಾನೆ, ಅವನೊಡನೆ ಮಾತಾಡಬಹುದು ಎಂದಾಯಿತು. ಒಂದು ಹಂತದಲ್ಲಿ ಚಿಕಿತ್ಸೆಗೆ ಡಾಲ್ಫಿನ್‌ಗಳನ್ನೂ ಸೇರಿಸಿಕೊಂಡರು. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಅಪ್‌ಲೆಜರ್‌ನ ಸಂಸ್ಥೆ ಅದನ್ನು ಗಂಭೀರವಾಗಿಯೇ ನಡೆಸಿತು. ಇಂಗ್ಲೆಂಡಿನಲ್ಲಿ ಫ್ರಾಂಕ್ಲಿನ್ ಸಿಲ್ಸ್ ಬೆಳೆಸಿದ ಬಯೋಡೈನಮಿಕ್ ಶಾಖೆಯಲ್ಲಂತೂ ಸರಿಪಡಿಸುವ ಮಾತೇ ಇಲ್ಲ, ಆಲಿಸುವುದಷ್ಟೇ. ನೂರು ಸೆಕೆಂಡಿಗೊಮ್ಮೆ ಏರಿಳಿಯುವ ಉದ್ದನೆಯ ಉಬ್ಬರವೊಂದು ದೇಹವನ್ನೂ ಅದರಾಚೆಯನ್ನೂ ಆವರಿಸಿದೆ ಎನ್ನುತ್ತಾರೆ. ಅಲ್ಲಿ ಕೈ ಇದ್ದೂ ಇಲ್ಲದಂತೆ. ಹೇಳಿಕೆ ವಿಶ್ವದಷ್ಟು ದೊಡ್ಡದು.

ಹಾಗಾದರೆ ಆ ಲಯ ಇದೆಯೇ? ಪರೀಕ್ಷಿಸುವುದು ಕಷ್ಟವೇನಲ್ಲ. ಒಂದೇ ತಲೆಯನ್ನು ಬೇರೆ ಬೇರೆಯವರು ಹಿಡಿದು ನಿಮಿಷಕ್ಕೆ ಎಷ್ಟು ಸಲ ಎಂದು ಎಣಿಸಲಿ, ಎಣಿಕೆ ಹೊಂದುತ್ತದೋ ನೋಡೋಣ. ಸದರ್ಲ್ಯಾಂಡ್‌ನ ಕಡೆಯವರು ನಿಮಿಷಕ್ಕೆ 10ರಿಂದ 14 ಎಂದರೆ ಅಪ್‌ಲೆಜರ್ 6ರಿಂದ 12 ಎಂದ. ಈ ಭೇದವೇ ಒಂದು ಸೂಚನೆ. 1994ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು ಹನ್ನೆರಡು ಜನರ ತಲೆಯನ್ನು ಮೂವರು ತರಬೇತಾದ ಫಿಸಿಯೋಥೆರಪಿಸ್ಟ್‌ಗಳಿಂದ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸಿದರು. ಮೂವರ ಎಣಿಕೆಗಳ ನಡುವಿನ ಹೊಂದಾಣಿಕೆ ಸೊನ್ನೆಗೂ ಚೂರು ಕೆಳಗೆ, ಅಂದರೆ ಮನಸ್ಸಿಗೆ ಬಂದ ಅಂಕಿ ಹೇಳಿದಂತೆಯೇ. 2001ರ ಇನ್ನೊಂದು ಪ್ರಯೋಗ ಇನ್ನೂ ಚುರುಕಾದದ್ದು: ಇಬ್ಬರು ಪರೀಕ್ಷಕರು ಒಬ್ಬನ ತಲೆಯನ್ನೂ ಬೆನ್ನಿನ ತಳವನ್ನೂ ಒಂದೇ ಹೊತ್ತಿಗೆ ಹಿಡಿದು ಎಣಿಸಿದರು. ಒಂದೇ ದ್ರವ, ಒಂದೇ ಪೊರೆ, ಒಂದೇ ಲಯ ಎನ್ನುವುದು ಸಿದ್ಧಾಂತ. ಎರಡು ತುದಿಗಳ ಎಣಿಕೆ ಹೊಂದಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಒಬ್ಬನೇ ಪರೀಕ್ಷಕ ಮತ್ತೆ ಮತ್ತೆ ಎಣಿಸಿದಾಗ ಅವನ ಅಂಕಿಗಳು ತಕ್ಕಮಟ್ಟಿಗೆ ಹೊಂದಿದ ಅಧ್ಯಯನಗಳೂ ಇವೆ. ಅಂದರೆ ಚಿಕಿತ್ಸಕರು ಸುಳ್ಳು ಹೇಳುತ್ತಿಲ್ಲ, ಅವರ ಕೈಗೆ ಏನೋ ತಿಳಿಯುತ್ತಿದೆ. ಅದು ತಮ್ಮದೇ ನಾಡಿ, ತಮ್ಮದೇ ಉಸಿರು, ಎದುರಿನವರ ನಾಡಿ ಉಸಿರುಗಳ ಜೊತೆ ಬೆರೆತು ಬೆರಳ ತುದಿಯಲ್ಲಿ ಹುಟ್ಟಿಸುವ ಮೂರನೆಯ ಅಲೆ ಇರಬಹುದೆಂದು 1991ರಲ್ಲೇ ಜೇಮ್ಸ್ ನಾರ್ಟನ್ ಎಂಬ ಶರೀರವಿಜ್ಞಾನಿ ಸೂಚಿಸಿದ್ದ. ಮೂಳೆಯ ಮಾತಿಗೆ ಬಂದರೆ, 2006ರಲ್ಲಿ ಮೊಲಗಳ ಬುರುಡೆಯ ಮೇಲೆ ಐದರಿಂದ ಇಪ್ಪತ್ತು ಗ್ರಾಂ ಬಲ ಹಾಕಿ ಅಳೆದಾಗ ಬೆಸುಗೆಗಳು ಅಲುಗಿದ್ದು ಕಾಣಲಿಲ್ಲ.

ಈ ಚಿಕಿತ್ಸೆಯ ಪರವಾಗಿ ಇತ್ತೀಚೆಗೆ ಕೇಳಿಬರುವ ವಾದ ಮಿದುಳಿನ ದ್ರವದ ಕುರಿತ ಹೊಸ ವಿಜ್ಞಾನದ್ದು. ದ್ರವ ನಿಂತ ನೀರಲ್ಲ ಎಂಬುದು ನಿಜ. ಸುಮಾರು 150 ಮಿಲಿಲೀಟರ್ ಇರುವ ಅದು ದಿನಕ್ಕೆ ಮೂರು ನಾಲ್ಕು ಸಲ ಹೊಸದಾಗುತ್ತದೆ, ಹೃದಯದ ಬಡಿತಕ್ಕೂ ಉಸಿರಾಟಕ್ಕೂ ತಕ್ಕಂತೆ ಏರಿಳಿಯುತ್ತದೆ. 2012ರಲ್ಲಿ ನರವಿಜ್ಞಾನಿ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ ಅದು ಮಿದುಳಿನ ಕಸ ತೊಳೆಯುವ ಬಗೆಯನ್ನು ಇಲಿಗಳಲ್ಲಿ ತೋರಿಸಿತು. 2019ರಲ್ಲಿ ಬಾಸ್ಟನ್ನಿನ ಸಂಶೋಧಕರು ಗಾಢ ನಿದ್ದೆಯಲ್ಲಿ ಸುಮಾರು ಇಪ್ಪತ್ತು ಸೆಕೆಂಡಿಗೊಮ್ಮೆ ದೊಡ್ಡ ಅಲೆಗಳಾಗಿ ಅದು ಹರಿಯುವುದನ್ನು ಎಂ.ಆರ್.ಐ.ನಲ್ಲಿ ಕಂಡರು. ಸದರ್ಲ್ಯಾಂಡ್‌ನ ಕಾಲದಲ್ಲೇ ಅವನು ಇದನ್ನು ಹೇಳಿದ್ದನಲ್ಲ ಎಂದು ಅವನ ಅನುಯಾಯಿಗಳು ಹಿಗ್ಗುತ್ತಾರೆ. ಅವನು ಹೇಳಿದ್ದು ದ್ರವ ಚಲಿಸುತ್ತದೆ ಎಂದಷ್ಟೇ ಆಗಿದ್ದರೆ ಹಿಗ್ಗಬಹುದಿತ್ತು. ಆ ಚಲನೆ ಮೂಳೆಯನ್ನು ಅಲುಗಿಸುತ್ತದೆ, ಅಂಗೈಗೆ ಸಿಗುತ್ತದೆ, ಅಂಗೈಯಿಂದ ತಿದ್ದಬಹುದು ಎಂಬ ಮೂರು ಮಾತುಗಳೇ ಅವನ ಸಿದ್ಧಾಂತದ ತಿರುಳು, ಹೊಸ ಸಂಶೋಧನೆಗಳಲ್ಲಿ ಒಂದೂ ಆ ಮೂರನ್ನು ಸಮರ್ಥಿಸುವುದಿಲ್ಲ. ಹುಟ್ಟಿದ ಮಗುವಿನ ಮಾತು ಬೇರೆ: ನೆತ್ತಿ ಮೆತ್ತಗಿರುವ ತನಕ ಅಲ್ಲಿನ ಮೂಳೆಗಳು ನಿಜವಾಗಿ ಸರಿಯುತ್ತವೆ, ಹೆರಿಗೆಯಲ್ಲಿ ಒಂದರ ಮೇಲೊಂದು ಏರಿ ದಾರಿ ಮಾಡಿಕೊಳ್ಳುತ್ತವೆ. ಎಣ್ಣೆ ನೀರು ಹಾಕುವಾಗ ಮಗುವಿನ ತಲೆ ಗುಂಡಗಾಗಲಿ ಎಂದು ನೀವುವ ನಮ್ಮ ಅಜ್ಜಿಯರ ನಂಬಿಕೆಯ ಹಿಂದೆ ಇಷ್ಟು ಅಂಗರಚನೆಯಂತೂ ಇದೆ. ದೊಡ್ಡವರ ಬುರುಡೆಗೆ ಅದನ್ನು ವಿಸ್ತರಿಸಿದ್ದು ಸದರ್ಲ್ಯಾಂಡ್‌ನ ಜಿಗಿತ.

ಸಿದ್ಧಾಂತ ಬಿದ್ದರೇನಂತೆ, ಜನಕ್ಕೆ ಗುಣವಾಗುತ್ತದಲ್ಲ ಎನ್ನುವುದು ಇನ್ನೂ ಬಲವಾದ ಆಕ್ಷೇಪ, ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2016ರಲ್ಲಿ ಪ್ರಕಟವಾದ, ಜರ್ಮನಿಯಲ್ಲಿ ಬಹುಕಾಲದ ಕುತ್ತಿಗೆನೋವಿದ್ದ 54 ಜನರ ಮೇಲೆ ನಡೆದ ಪ್ರಯೋಗದಲ್ಲಿ, ವಾರಕ್ಕೊಂದರಂತೆ ಎಂಟು ಸಲ ನಿಜವಾದ ಚಿಕಿತ್ಸೆ ಪಡೆದವರ ನೋವು ಹುಸಿ ಸ್ಪರ್ಶ ಪಡೆದವರಿಗಿಂತ ಹೆಚ್ಚು ಇಳಿಯಿತು. ಅದೇ ತಂಡ ಆಮೇಲೆ ಹತ್ತು ಪ್ರಯೋಗಗಳ 681 ರೋಗಿಗಳ ಲೆಕ್ಕ ಒಟ್ಟುಗೂಡಿಸಿ ಬಹುಕಾಲದ ನೋವಿಗೆ ಉಪಯೋಗವಿದೆ ಎಂದಿತು. ಆದರೆ 2016ರಲ್ಲೇ ಫ್ರಾನ್ಸಿನ ಸಂಶೋಧಕರು ಮೂಲ ವಿದ್ಯೆಯಾದ ಕಪಾಲದ ಆಸ್ಟಿಯೋಪತಿಯ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ಗಟ್ಟಿ ಪುರಾವೆ ಇಲ್ಲವೆಂದರು. 2024ರಲ್ಲಿ ಸ್ಪೇನಿನವರ ವಿಶ್ಲೇಷಣೆಯೂ ಕ್ರೇನಿಯೋಸೇಕ್ರಲ್ ಚಿಕಿತ್ಸೆಯ ಲಾಭ ಕಾಣುತ್ತಿಲ್ಲ ಎಂದಿತು. ನನಗೆ ಇವೆಲ್ಲಕ್ಕಿಂತ ಹೆಚ್ಚು ಹೇಳುವುದು 2011ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಪ್ರಯೋಗ. ಸೆರೆಬ್ರಲ್ ಪಾಲ್ಸಿ ಇದ್ದ 142 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಆರು ತಿಂಗಳಲ್ಲಿ ಆರು ಸಲ ಕಪಾಲದ ಆಸ್ಟಿಯೋಪತಿ, ಉಳಿದವರು ಕಾಯುವ ಪಟ್ಟಿಯಲ್ಲಿ. ಯಾವ ಮಗು ಯಾವ ಗುಂಪಿನದೆಂದು ತಿಳಿಯದ ಪರೀಕ್ಷಕರು ಅಳೆದಾಗ ಮಕ್ಕಳ ಚಲನಶಕ್ತಿಯಲ್ಲಿ ವ್ಯತ್ಯಾಸವಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವವರನ್ನು ಕೇಳಿದಾಗ, ಚಿಕಿತ್ಸೆ ಪಡೆದ ಗುಂಪಿನಲ್ಲಿ ನೂರಕ್ಕೆ 38 ಮಂದಿ ಮಗುವಿನ ಒಟ್ಟು ಆರೋಗ್ಯ ಸುಧಾರಿಸಿದೆ ಎಂದರು, ಇನ್ನೊಂದು ಗುಂಪಿನಲ್ಲಿ 18 ಮಂದಿ. ಇದನ್ನು ಬರೀ ಭ್ರಮೆ ಎಂದು ತಳ್ಳುವುದು ಸುಲಭ. ಆದರೆ ಇಂಥ ಮಗುವಿರುವ ಮನೆಯಲ್ಲಿ ಯಾರೋ ಒಬ್ಬರು ಮಗುವನ್ನು ಅವಸರವಿಲ್ಲದೆ, ನೋಯಿಸದೆ, ಆದರದಿಂದ ಮುಟ್ಟಿದ್ದನ್ನು ತಾಯಿ ಕಂಡಳು. ಅವಳು ವರದಿ ಮಾಡಿದ್ದು ಅದನ್ನೇ ಇರಬಹುದು. ಕಾಲು ಗಟ್ಟಿಯಾಗಲಿಲ್ಲ ಎಂಬುದೂ ಅಷ್ಟೇ ನಿಜ, ಕಾಲು ಗಟ್ಟಿಯಾಗುತ್ತದೆಂದು ಹೇಳಿ ಹಣ ಪಡೆಯುವವರಿಗೆ ಈ ಪ್ರಯೋಗ ಆಸರೆಯಾಗದು.

ಹಗುರ ಸ್ಪರ್ಶದಿಂದ ಹಾನಿಯಂತೂ ಇಲ್ಲ ಎನ್ನುವ ಮಾತನ್ನೂ ಅರ್ಧವಷ್ಟೇ ಒಪ್ಪಬಹುದು. ಐದು ಗ್ರಾಂ ಯಾರಿಗೂ ನೋವು ಮಾಡದು. ಆದರೆ 2009ರಲ್ಲಿ ನೆದರ್ಲೆಂಡ್ಸ್‌ನ ವೈದ್ಯಕೀಯ ಪತ್ರಿಕೆಯೊಂದು ಮೂರು ತಿಂಗಳ ಹೆಣ್ಣು ಮಗುವೊಂದರ ಸಾವನ್ನು ವರದಿ ಮಾಡಿತು. ಕ್ರೇನಿಯೋಸೇಕ್ರಲ್ ಚಿಕಿತ್ಸಕರೆಂದು ಹೇಳಿಕೊಂಡವರು ಅದರ ಕುತ್ತಿಗೆ ಬೆನ್ನುಗಳನ್ನು ಬಲವಾಗಿ ಬಾಗಿಸಿದ್ದರು. ಅದು ನಮ್ಮ ಪದ್ಧತಿಯೇ ಅಲ್ಲ ಎಂದು ಉಳಿದ ಚಿಕಿತ್ಸಕರು ಹೇಳಬಹುದು, ಅದು ನ್ಯಾಯವೂ ಹೌದು. ಆದರೆ ಅದಲ್ಲ ಎಂದು ತೀರ್ಮಾನಿಸುವ ಅಧಿಕಾರ ಯಾರದು? ವೈದ್ಯರ ಬಳಗದಿಂದ ಹೊರಬಿದ್ದಾಗ ಈ ಕಸುಬು ಪರವಾನಗಿ ರದ್ದು ಮಾಡಬಲ್ಲ ಮಂಡಳಿಯನ್ನೂ ಹಿಂದೆ ಬಿಟ್ಟು ಬಂತು. ಸ್ವಿಟ್ಜರ್ಲೆಂಡ್ ಇದಕ್ಕೆ ಒಂದು ದಾರಿ ಹುಡುಕಿದೆ. ಅಲ್ಲಿ ಪೂರಕ ಚಿಕಿತ್ಸೆ ಎಂಬ ಪ್ರತ್ಯೇಕ ವೃತ್ತಿಗೆ ಸರಕಾರದ ಡಿಪ್ಲೊಮಾ ಇದೆ, ಕ್ರೇನಿಯೋಸೇಕ್ರಲ್ ಅದರ ಒಂದು ವಿಧಾನ. ಸಿದ್ಧಾಂತ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಗೋಜಿಗೆ ಹೋಗದೆ, ಮುಟ್ಟುವವರ ತರಬೇತಿಗೆ ನಿಯಮ ಮಾಡಿದ್ದಾರೆ. ಸಿದ್ಧಾಂತಕ್ಕೆ ಸರಕಾರಿ ಮುದ್ರೆ ಬಿದ್ದಂತೆ ಜನ ತಿಳಿಯುವ ಅಪಾಯ ಅದರಲ್ಲಿದೆ, ಆದರೂ ಏನೂ ನಿಯಮವಿಲ್ಲದ ಸ್ಥಿತಿಗಿಂತ ಮೇಲು.

ಇಷ್ಟು ವರ್ಷಗಳಲ್ಲಿ ನಡೆದ ಪ್ರಯೋಗಗಳಲ್ಲಿ ಅನೇಕವು ಕ್ರೇನಿಯೋಸೇಕ್ರಲ್ ಚಿಕಿತ್ಸೆಯನ್ನು ಒಂದೋ ಏನೂ ಮಾಡದಿರುವುದರ ಜೊತೆ, ಇಲ್ಲವೇ ಅದೇ ಚಿಕಿತ್ಸೆಯ ಹುಸಿ ರೂಪದ ಜೊತೆ ಹೋಲಿಸಲು ಹೆಣಗಿವೆ. ಹುಸಿ ರೂಪವೂ ಸ್ಪರ್ಶವೇ ಆದ್ದರಿಂದ ಹೋಲಿಕೆ ಯಾವಾಗಲೂ ತೊಡಕಾಗುತ್ತದೆ. ತೊಡಕಿಲ್ಲದ ಪ್ರಯೋಗವನ್ನು ಊಹಿಸುವುದು ಕಷ್ಟವಲ್ಲ. ಒಂದು ಗುಂಪಿಗೆ ಲಯ, ದ್ರವ, ಉಬ್ಬರ ಎಲ್ಲವನ್ನೂ ಕಲಿತ ಚಿಕಿತ್ಸಕರು. ಇನ್ನೊಂದು ಗುಂಪಿಗೆ ಇವುಗಳಲ್ಲಿ ಒಂದನ್ನೂ ಕೇಳಿರದ, ಆದರೆ ಅಷ್ಟೇ ಹೊತ್ತು ಅಷ್ಟೇ ಸಮಾಧಾನದಿಂದ ತಲೆಯ ಕೆಳಗೆ ಕೈಯಿಟ್ಟು ಕೂರಲು ಹೇಳಿಕೊಟ್ಟ ದಾದಿಯರು. ಎರಡೂ ಗುಂಪಿನ ಕುತ್ತಿಗೆನೋವು ಸಮನಾಗಿ ಇಳಿದರೆ, ಗುಣ ಕೊಟ್ಟದ್ದು ಮುಕ್ಕಾಲು ಗಂಟೆಯ ಸ್ಪರ್ಶ ಎಂದು ಗೊತ್ತಾಗುತ್ತದೆ, ಅದನ್ನು ಯಾವ ಆಸ್ಪತ್ರೆಯಾದರೂ ತನ್ನ ವಾರ್ಡಿನಲ್ಲಿ ಕೊಡಬಹುದು. ಆದರೆ ಅಂಥ ಫಲಿತಾಂಶದಿಂದ ಯಾರಿಗೂ ಲಾಭವಿಲ್ಲ. ಕಾರ್ಯಾಗಾರ ನಡೆಸುವವರು ಮಾರುವುದು ಲಯವನ್ನು, ಅದಿಲ್ಲದೆ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಆಸ್ಪತ್ರೆಗೆ ದಾದಿಯ ಮುಕ್ಕಾಲು ಗಂಟೆ ದುಬಾರಿ, ಮಾತ್ರೆ ಅಗ್ಗ.